ಮನೆ ಒಡೆಯೋರು ಯಾರು?

ಮನುಷ್ಯನನ್ನು ಒಮ್ಮೆ ನೋಡಿದರೆ ಸಾಕು, ಅವನೊಳಗೆ ಕಾಳೆಷ್ಟು, ಜೊಳ್ಳೆಷ್ಟು ಎಂದು ಹೇಳಿಬಿಡುತ್ತೇನೆ ಎಂಬುದು ಯಜಮಾನರ ಹೆಮ್ಮೆ. ಈ ಹೆಮ್ಮೆ ಬಿಟ್ಟಿ ಬಂದದ್ದಲ್ಲ. ಅವರು ಜೀವಮಾನವೆಲ್ಲ ಧಾನ್ಯದ ಗೋದಾಮಿನಲ್ಲಿ ಮೇಲ್ವಿಚಾರಕರಾಗಿ ದುಡಿದವರು. ಲಾರಿಯಿಂದ ಇಳಿದ ಮೂಟೆಗೆ ಚೂಪಾದ ಕೊಳವೆಯೊಂದನ್ನು ಚುಚ್ಚಿ, ಅದರಲ್ಲಿ ಜಾರಿ ಬಂದ ಹಿಡಿ ಕಾಳನ್ನು ಅಂಗೈಮೇಲೆ ಹರಡಿ, ಮೂಸಿ, ಒಂದನ್ನು ಬಾಯಿಗೆಸೆದು ಕಟಕ್ಕೆಂದು ಕಡಿದು, "ಒಳಗೆ" ಎಂದೋ "ವಾಪಸ್ಸು" ಎಂದೋ ತೀರ್ಪು ಕೊಡುವುದು ಅವರ ಕೆಲಸವಾಗಿತ್ತು. ವಾಪಸ್ಸಾಗಬೇಕಾದ ಮೂಟೆಯ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಇಂಟು ಮಾರ್ಕು ಎಳೆದರೆಂದರೆ ಮುಗಿಯಿತು, ಅದನ್ನು ಉಳಿಸುವ ಗಂಡು ಆ ಗೋದಾಮಿನಲ್ಲಿ ಹುಟ್ಟಿರಲಿಲ್ಲ. ನಿವೃತ್ತಿಯಾದ ಮೇಲೆ ಮೂಟೆಗಳು ತಪ್ಪಿದವು. ಚುಚ್ಚುವ ಅಭ್ಯಾಸ ಮಾತ್ರ ಕೈಬಿಡಲಿಲ್ಲ. (ಮೂಟೆಗಳ ಜಾಗಕ್ಕೆ ಮನೆಯವರು ಬಂದರು.)

ಮನೆಯವರೆಂದರೆ ಬಹುವಚನಕ್ಕೆ ಆಕೆಯೊಬ್ಬಳೇ, ಅವರ ಹೆಂಡತಿ. ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದಂತೆ. ಆ ಮನೆಯ ಅಡುಗೆಮನೆಯೋ, ಅಡುಗೆಮನೆಯಾಗಬೇಕೆಂದು ಹೊರಟು ಅರ್ಧದಾರಿಯಲ್ಲಿ ಮನಸ್ಸು ಬದಲಾಯಿಸಿ ಓಣಿಯಾಗಿಬಿಟ್ಟಂಥದ್ದು. ಒಳಗೆ ಹೋದವರು ತಿರುಗಬೇಕಾದರೆ ಹಿಂದಕ್ಕೆ ನಡೆದು ಬಾಗಿಲಾಚೆ ಬಂದು ತಿರುಗಿಕೊಂಡು ಮತ್ತೆ ಒಳಗೆ ಹೋಗಬೇಕು. ಬೆಳಕು ಬರಲು ಮೇಲೆ ಅಂಗೈಯಗಲದ ಒಂದು ಕಿಂಡಿ. ಅಡುಗೆಮನೆಯ ಎಡಕ್ಕೆ ತೆಳುಗೋಡೆಯಾಚೆ ಡಬ್ಬಗಳನ್ನಿಡುವ ಪುಟ್ಟ ಉಗ್ರಾಣ. ಬಲಕ್ಕೆ ಅಂಥದ್ದೇ ತೆಳುಗೋಡೆಯಾಚೆ ಯಜಮಾನರ 'ಆಫೀಸು'.

ಆಫೀಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಮನೆಯಲ್ಲಿ ಒಳ್ಳೆಯದೆನ್ನಬಹುದಾದ ಕಿಟಕಿ ಇದ್ದದ್ದು ಆ ಕೋಣೆಗೆ. ಬೆಳಗಿನ ಬಿಸಿಲು ಅದರಿಂದ ಹೊನಲಾಗಿ ಸುರಿದು ಬಂದು, ಕಡ್ಡಿ ಮುರಿದ ಕೊಡೆಗಳ ಮೇಲೆ, ರೆಕ್ಕೆಯಿಲ್ಲದ ಫ್ಯಾನಿನ ಮೇಲೆ, ಗಂಟಲು ಕಟ್ಟಿದ ರೇಡಿಯೋಗಳ ಮೇಲೆ, ಯಾವತ್ತೋ ಓದಬೇಕೆಂದು ತೆಗೆದಿಟ್ಟ ಹಳೆಯ ಪತ್ರಿಕೆಗಳ ಗುಡ್ಡದ ಮೇಲೆ ಬಿದ್ದು ವ್ಯರ್ಥವಾಗುತ್ತಿತ್ತು. ಇವುಗಳ ನಡುವೆ ಒಂದು ಆರಾಮಕುರ್ಚಿ, ಅದರಲ್ಲಿ ಯಜಮಾನರು. ಅವರು ಅಲ್ಲಿ ಏನು ಮಾಡುತ್ತಿದ್ದರೆಂದು ಯಾರಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣೆ. ಆದರೆ ಊಟದ ಹೊತ್ತಿಗೆ ಕರೆದರೆ, "ಸ್ವಲ್ಪ ತಡಿ, ಆಫೀಸಲ್ಲಿದೀನಿ" ಎಂಬ ಉತ್ತರ ಬರುತ್ತಿತ್ತು.

ಮನೆಯಾಕೆಗೆ ಆ ಕಿಟಕಿ ಬೇಕಿತ್ತು.

"ನಡುವಿನ ಗೋಡೆ ತೆಗೆಸಿದ್ರೆ ಅಡುಗೆಮನೆಗೆ ಗಾಳಿ ಬೆಳಕು ಬರತ್ತೆ" ಎಂದು ಆಕೆ ಒಂದು ಬೆಳಿಗ್ಗೆ ಟೀ ಲೋಟ ಕೊಡುತ್ತ ಹೇಳಿದಳು.

"ನನ್ನ ಆಫೀಸು?"

"ನಿವೃತ್ತಿ ಆದೋರಿಗೆ ಆಫೀಸು ಯಾಕೆ?"

"ನಿವೃತ್ತಿ ಆದೋರಿಗೇ ಕಣೇ ಆಫೀಸು ಬೇಕಾಗೋದು. ಕೆಲಸ ಇರೋರು ಎಲ್ಲಿ ಬೇಕಾದ್ರೂ ಕೂತ್ಕೋತಾರೆ."

ಜಗಳ ವಾರಗಟ್ಟಲೆ ನಡೆಯಿತು. ಕಡೆಗೆ ಯಜಮಾನರು ಮಹಾಸಾಮ್ರಾಜ್ಯಗಳ ನಡುವಿನ ಸಂಧಾನದಂತೆ ಒಂದು ಸೂತ್ರ ಮುಂದಿಟ್ಟರು. ಅಡುಗೆಮನೆ ದೊಡ್ಡದಾಗಲಿ, ಹೊಸ ಕಟ್ಟೆ ಬರಲಿ, ಹೊಸ ನಲ್ಲಿ ಬರಲಿ. ಆದರೆ ಒಡೆಯುವುದು ಉಗ್ರಾಣದ ಕಡೆಯ ಗೋಡೆ.

"ಆಮೇಲೆ ಡಬ್ಬಗಳನ್ನ ಎಲ್ಲಿಡ್ಲಿ, ನಿಮ್ಮ ತಲೆ ಮೇಲಾ?"

"ಜಾಗ ಇದ್ರೆ ಇಡು."

"ಜಾಗ ಏನೋ ಖಾಲಿ ಇದೆ" ಎಂದಳು ಆಕೆ. ಆಮೇಲೆ ತುಸು ಯೋಚಿಸಿ ತನ್ನ ಕಡೆಯ ಷರತ್ತು ಹೇಳಿದಳು. "ಸರಿ. ಕೆಲಸದವರನ್ನ ನೀವೇ ಹುಡುಕಿ. ಆದ್ರೆ ಅರ್ಧಕ್ಕೆ ಬಿಟ್ಟು ಓಡಿಹೋಗೋನು ಬರಬಾರದು. ಹಾಗೇನಾದ್ರೂ ಆಯ್ತೋ, ನನ್ನ ತಮ್ಮನ ಕಡೆಯ ಮೇಸ್ತ್ರಿ ಬರ್ತಾನೆ, ನಿಮ್ಮ ಆಫೀಸಿನ ಗೋಡೆ ಹೋಗತ್ತೆ."

ಈ ತಮ್ಮ, ಅಂದರೆ ಯಜಮಾನರ ಭಾವಮೈದುನ, ಪಕ್ಕದ ಬೀದಿಯವನು. ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಲೋಕದ ಸಕಲ ಕೆಲಸಗಳನ್ನೂ ಮಾಡಿಸಬಲ್ಲೆನೆಂಬ ಗತ್ತು. ಅವನ ಕಡೆಯ ಮೇಸ್ತ್ರಿ ತಮ್ಮ ಹೊಸ್ತಿಲು ತುಳಿಯುವುದಕ್ಕಿಂತ ಮನೆಯೇ ತಲೆಮೇಲೆ ಬಿದ್ದರೆ ವಾಸಿ ಎಂಬ ಅಭಿಪ್ರಾಯದ ಯಜಮಾನರು ಷರತ್ತಿಗೆ ಒಪ್ಪಿದರು. ನಂಬಿಕಸ್ಥ ಕಂಟ್ರಾಕ್ಟರನನ್ನು ಹುಡುಕುವುದು ಯಾವ ಘನಂದಾರಿ ಕೆಲಸ? ಮೂಟೆ ಬರಲಿ, ಚುಚ್ಚಿ ನೋಡೋಣ.

ಮೊದಲು ಬಂದ ಮೂಟೆ ದುಂಡಗೆ ತುಂಬಿಕೊಂಡಿತ್ತು. ಇಸ್ತ್ರಿ ಮುರಿಯದ ಅಂಗಿ, ನಗು ಮುಖ, ಅತ್ತರಿನ ಘಮ. ಬಾಯಿ ತೆರೆದರೆ ಒಂದೇ ಪದ.

"ಇಷ್ಟುದ್ದ ಕಟ್ಟೆ ಬೇಕು" ಎಂದರು ಯಜಮಾನರು.

"ಆಯ್ತು ಸಾರ್."

"ನೀರು ಒಂದು ಹನಿ ಸೋರಬಾರದು."

"ಆಯ್ತು ಸಾರ್."

"ಒಂದು ತಿಂಗಳೊಳಗೆ ಮುಗೀಬೇಕು."

"ಆಯ್ತು ಅಂದ್ಕೊಳ್ಳಿ ಸಾರ್."

ಯಜಮಾನರ ಕಿವಿ ನಿಮಿರಿತು. ಗೋಡೆಗೆ ಸುತ್ತಿಗೆ ಮುಟ್ಟುವ ಮೊದಲೇ ಎಲ್ಲವೂ 'ಆಯ್ತು' ಅನ್ನುವವನು, ಆಮೇಲೆ ಆಗುವುದಕ್ಕೆ ಏನು ಉಳಿಸುತ್ತಾನೆ? ಕೊಳವೆಯನ್ನು ಇನ್ನೂ ಒಂದು ಗೇಣು ಆಳಕ್ಕೆ ಇಳಿಸಿದರು. "ನೋಡಪ್ಪಾ, ನಲ್ಲಿ ತಿರುಗಿಸಿದ್ರೆ ಬೆಳಿಗ್ಗೆ ಹೊತ್ತು ಹಾಲು ಬರಬೇಕು."

"ಆಯ್ತು ಸಾರ್. ಅದಕ್ಕೆ ಬೇರೆ ಪೈಪ್ ಹಾಕಿಬಿಡೋಣ."

ವಾಪಸ್ಸು.

ಎರಡನೆಯವನು ಬಾಯಿ ಬಿಡುವ ಮೊದಲೇ ಮೊಬೈಲು ಬಿಟ್ಟ. ಅದರಲ್ಲಿ ಅಡುಗೆಮನೆಯ ಚಿತ್ರಗಳು ಒಂದರ ಹಿಂದೊಂದು ಸರಿದವು. ಒಂದರಲ್ಲೂ ಎಣ್ಣೆ ಜಿಡ್ಡಿಲ್ಲ, ಮಸಿಬಟ್ಟೆಯಿಲ್ಲ, ಅಡುಗೆ ಮಾಡಿದ ಕುರುಹಿಲ್ಲ. ಒಂದು ಅಡುಗೆಮನೆಯ ಕಿಟಕಿಯಾಚೆ ನೀಲಿ ಸಮುದ್ರವೇ ಇತ್ತು.

"ನಮ್ಮ ಕಿಂಡಿಯಾಚೆ ಪಕ್ಕದ ಮನೆಯವರ ನೀರಿನ ಟ್ಯಾಂಕಿದೆ" ಎಂದರು ಯಜಮಾನರು.

"ನೀರು ತಾನೇ ಸಾರ್, ಎರಡೂ" ಎಂದ ಅವನು.

ಅವನೂ ವಾಪಸ್ಸು. ಹೀಗೆ ಬಂದವರೆಲ್ಲ ಬಂದ ದಾರಿಯಲ್ಲೇ ಹೋದರು. ಒಬ್ಬ ಅಂಗೈಯಲ್ಲಿ ಅರಮನೆ ತೋರಿಸಿದ, ಇನ್ನೊಬ್ಬ ಅಳತೆ ಟೇಪು ಹಿಡಿದು ಮೂಲೆಮೂಲೆ ಅಳೆದು ಕಡೆಗೆ ಟೇಪನ್ನೇ ಮರೆತು ಹೋದ. ಭಾವಮೈದುನ ದಿನಬಿಟ್ಟು ದಿನ ಬಂದು, "ಏನು ಭಾವ, ಯಾರೂ ಕುದುರಲಿಲ್ವಾ?" ಎಂದು ಕೇಳುತ್ತ, ಜೇಬಿನಲ್ಲಿದ್ದ ಕೈಗಳನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತಿದ್ದ.

ಆಗ ಬಂದವನೇ ಆ ಮೇಸ್ತ್ರಿ. ಬಡಕಲು ಮೈ, ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಯಾರೋ ಸತ್ತ ಸುದ್ದಿ ತಂದವನಂಥ ಮುಖ.

"ಬಾಪ್ಪಾ, ಕೂತ್ಕೋ."

"ಆಗಲ್ಲ. ಸೊಂಟ ಹಿಡಿದಿದೆ."

"ಟೀ ತಗೋತೀಯಾ?"

"ಆಗಲ್ಲ. ಈಗಷ್ಟೇ ಕುಡಿದೆ."

ಯಜಮಾನರು ಕುರ್ಚಿಯ ತುದಿಗೆ ಸರಿದರು. ಎದೆಯಲ್ಲಿ ಏನೋ ಆಸೆ ಚಿಗುರಿತು. "ಒಂದು ತಿಂಗಳಲ್ಲಿ ಮುಗಿಸ್ತೀಯಾ?"

"ಆಗಲ್ಲ."

"ದಿನಾ ಬರ್ತೀಯಾ?"

"ಆಗಲ್ಲ. ಇನ್ನೊಂದು ಕಡೆ ಕೆಲಸ ಹಿಡಿದಿದೀನಿ."

"ಧೂಳು ಬರದ ಹಾಗೆ?"

"ಆಗಲ್ಲ."

"ನಲ್ಲಿ ತಿರುಗಿಸಿದ್ರೆ ಹಾಲು ಬರಬೇಕು."

ಮೇಸ್ತ್ರಿ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮನೆಯಾಕೆಯ ಕಡೆ ತಿರುಗಿ, ಮೆಲ್ಲಗೆ, "ಅಮ್ಮಾವ್ರೇ, ಇವರಿಗೆ ಯಾವಾಗಿಂದ ಹಿಂಗೆ?" ಎಂದು ಕೇಳಿದ.

"ಮೊದಲಿಂದಲೂ" ಎಂದಳು ಆಕೆ.

ಯಜಮಾನರ ಕಣ್ಣು ಒದ್ದೆಯಾಯಿತು. ಕಲ್ಲಿಲ್ಲ, ಹುಳವಿಲ್ಲ, ಜೊಳ್ಳಿಲ್ಲ, ಅಪ್ಪಟ ಗಟ್ಟಿಕಾಳು. ಆಗದ್ದನ್ನು ಆಗುವುದಿಲ್ಲ ಎನ್ನುವ ಗಂಡೆದೆಯವನು ಇನ್ನೂ ಭೂಮಿಯ ಮೇಲಿದ್ದಾನೆ. "ಒಳಗೆ" ಎಂದು ಅವರ ಬಾಯಿಂದ ತಾನಾಗಿ ಬಂತು. ಮೇಸ್ತ್ರಿ ಒಳಗೆ ಹೋದ. ಹೋಗಿ ಅಡುಗೆಮನೆ ನೋಡಿ, ಹಿಂದಕ್ಕೆ ನಡೆದು ಹೊರಬಂದ.

"ನೋಡಿದ್ಯೇನೇ?" ಎಂದು ಅಂದು ಊಟದ ಹೊತ್ತಿಗೆ ಯಜಮಾನರು ಬೀಗಿದರು. "ಆಡಿದ ಮಾತಿಗೆ ತಪ್ಪೋ ಆಸಾಮಿ ಅಲ್ಲ ಅವನು."

ಆ ಮಾತು ಅಕ್ಷರಶಃ ನಿಜವಾಯಿತು. ಬರಲು ಆಗಲ್ಲ ಅಂದ ದಿನ ಮೇಸ್ತ್ರಿ ಒಂದು ಸಲವೂ ಬರಲಿಲ್ಲ. ಮುಗಿಯುವುದಿಲ್ಲ ಅಂದ ಕೆಲಸ ಒಂದೂ ಮುಗಿಯಲಿಲ್ಲ. ಧೂಳು ಬರುತ್ತದೆ ಅಂದಿದ್ದ, ಹಾಸಿಗೆ ಹೊದಿಕೆಯಲ್ಲೆಲ್ಲ ಬಂತು. ಹಳೆಯ ಕಟ್ಟೆ ಕಿತ್ತು, ಹಲಗೆಗಳನ್ನು ಇಳಿಸಿ, ಗೋಡೆಗಳನ್ನು ಬೋಳುಮಾಡಿಟ್ಟು ಅವನು ಇನ್ನೊಂದು ಕಡೆ ಹೋದರೆ ಹೋದ. ಒಲೆ ನಡುಮನೆಗೆ ಬಂದು ಸೋಫಾದ ಪಕ್ಕ ಕೂತಿತು. ಮನೆಯಾಕೆ ಅವನಿಗೆ 'ಆಗಲ್ಲ ಮೇಸ್ತ್ರಿ' ಎಂದು ಹೆಸರಿಟ್ಟಳು. ಆದರೂ ಅವನು ಓಡಿಹೋಗಿರಲಿಲ್ಲ. ಬರುತ್ತೇನೆ ಅಂದ ದಿನ ಹಣೆಯ ಗಂಟಿನ ಸಮೇತ ಹಾಜರಾಗುತ್ತಿದ್ದ. ಅಷ್ಟರಮಟ್ಟಿಗೆ ಷರತ್ತು ಮುರಿದಿರಲಿಲ್ಲ, ಆಫೀಸು ಉಳಿದಿತ್ತು.

ಆದರೂ ಯಜಮಾನರಿಗೆ ಒಳಗೊಳಗೇ ಅಳುಕು. ಹೆಂಡತಿ ಮತ್ತು ಮೇಸ್ತ್ರಿ ಬೋಳುಗೋಡೆಗಳ ನಡುವೆ ನಿಂತು ಏನೋ ಮಾತಾಡುವುದು ಕಿವಿಗೆ ಬೀಳುತ್ತಿತ್ತು. ಒಂದು ದಿನ ಮೇಸ್ತ್ರಿಯನ್ನು ಆಫೀಸಿಗೆ ಕರೆಸಿಕೊಂಡು, ಬೆರಳೆತ್ತಿ ಗೋಡೆ ತೋರಿಸಿದರು.

"ಮೇಸ್ತ್ರಿ, ಉಗ್ರಾಣದ ಗೋಡೆ ಏನು ಬೇಕಾದ್ರೂ ಮಾಡ್ಕೋ. ಈ ಗೋಡೆಗೆ ಮಾತ್ರ ಸುತ್ತಿಗೆಯ ನೆರಳೂ ಬೀಳಕೂಡದು. ಅಮ್ಮಾವ್ರು ಏನೇ ಹೇಳ್ಲಿ."

"ಗುರುತು ಹಾಕಿಟ್ಬಿಡ್ತೀನಿ" ಎಂದ ಮೇಸ್ತ್ರಿ. "ಯಾರೂ ಮುಟ್ಟಲ್ಲ."

ಎಂದೂ ಇಲ್ಲದೆ ಅವನ ಬಾಯಿಂದ ಹೊರಟ ಒಪ್ಪಿಗೆಯ ಮಾತು ಅದು. ಯಜಮಾನರು ನೆಮ್ಮದಿಯಿಂದ ಕಣ್ಣುಮುಚ್ಚಿ ಆರಾಮಕುರ್ಚಿಗೆ ಒರಗಿದರು. ಮೇಸ್ತ್ರಿ ಅಡುಗೆಮನೆಗೆ ಹೋಗಿ, ಕಿವಿಯ ಪೆನ್ಸಿಲು ಸಾಲದೆಂದು ಇದ್ದಿಲಿನ ಚೂರೊಂದನ್ನು ಹುಡುಕಿ ತೆಗೆದು, ಆಫೀಸಿನ ಕಡೆಯ ಗೋಡೆಯ ಮೇಲೆ ಆಳೆತ್ತರದ ಗುರುತು ಬರೆದ. ಬೇಡ, ಕೂಡದು, ಮುಟ್ಟಬಾರದು ಎಂಬುದಕ್ಕೆಲ್ಲ ಅವನ ಕಸುಬಿನಲ್ಲಿ ಇದ್ದದ್ದು ಒಂದೇ ಗುರುತು. ದೊಡ್ಡದೊಂದು ಇಂಟು ಮಾರ್ಕು.

ಅದೇ ಸಂಜೆ ಫೋನು ಬಂತು. ಇಲ್ಲಿ ನಾವು ನಮ್ಮ ಭಾಷೆಯ ಮಹಿಮೆಯನ್ನು ತುಸು ನಿಂತು ಕೊಂಡಾಡಬೇಕು. ಮನೆಯನ್ನು ಆಳುವವನು ಒಡೆಯ, ಗೋಡೆಯನ್ನು ಬೀಳಿಸುವವನು ಒಡೆಯುವವ. ನಡುವೆ ಇರುವುದು ಒಂದು ಕೂದಲೆಳೆ. ಆಡುಮಾತಿಗೆ ಬಂದು, ಫೋನಿನ ಗೊರಗೊರಕ್ಕೆ ಸಿಕ್ಕಿ, ಆ ಕೂದಲೂ ಉದುರಿಹೋಯಿತು. ಮೇಲಾಗಿ ಕಟ್ಟುವವರು ಬೇರೆ, ಒಡೆಯುವವರು ಬೇರೆ, ಒಡೆಯುವವರನ್ನು ಕೆಲವು ಮನೆಯವರು ತಾವೇ ಗೊತ್ತುಮಾಡಿಕೊಳ್ಳುತ್ತಾರೆ ಎಂಬ ಆ ಕಸುಬಿನ ಪದ್ಧತಿ ಯಜಮಾನರಿಗೆ ಎಲ್ಲಿಂದ ತಿಳಿಯಬೇಕು?

"ಯಜಮಾನ್ರೇ, ನಾಳೆ ಗೋಡೆ ಕೆಲಸ" ಎಂದ ಮೇಸ್ತ್ರಿ. "ಮನೆ ಒಡೆಯೋರು ಯಾರು?"

ಯಜಮಾನರಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಬಂದುಹೋದವನಿಗೆ ಈ ಅನುಮಾನ ಹೇಗೆ ಬಂತು? ಇದು ಹೆಂಡತಿಯದೇ ಕಿತಾಪತಿ. "ಮನೆ ಒಡೆಯ ನಾನೇ ಕಣಪ್ಪಾ. ಇನ್ಯಾರು ಅಂದ್ಕೊಂಡಿದ್ದೆ?"

"ನೀವೇನಾ? ಬೇರೆ ಯಾರನ್ನಾದ್ರೂ ಇಟ್ಕೊಂಡಿದೀರೇನೋ ಅಂತ ಕೇಳ್ದೆ."

"ಬೇರೆಯವರನ್ನ ಯಾಕೆ ಇಟ್ಕೊಳ್ಲಿ? ನಾನಿನ್ನೂ ಗಟ್ಟಿಯಾಗಿದೀನಿ."

"ಒಬ್ಬರ ಕೈಲಿ ಆಗಲ್ಲ."

"ಮದುವೆ ಆದಾಗಿಂದ ಒಬ್ಬನೇ ನಿಭಾಯಿಸ್ಕೊಂಡು ಬಂದಿದೀನಿ." (ನಡುಮನೆಯ ಒಲೆಯ ಬಳಿಯಿಂದ ಒಂದು ಕೆಮ್ಮು ಕೇಳಿಸಿತು.)

"ಅಮ್ಮಾವ್ರೂ ಕೈ ಜೋಡಿಸ್ತಾರಾ?"

"ಜೋಡಿಸ್ತಾಳೆ. ಆದ್ರೆ ಒಡೆಯ ಮಾತ್ರ ನಾನೇ, ತಿಳ್ಕೋ."

"ಹಂಗಾದ್ರೆ ಸರಿ. ಸುತ್ತಿಗೆ, ಚಾಣ ಎಲ್ಲಾ ಅಲ್ಲೇ ಮೂಲೇಲಿದೆ. ನೋಡ್ಕೊಳ್ಳಿ."

"ನೋಡ್ಕೋತೀನಿ" ಎಂದು ಯಜಮಾನರು ಫೋನಿಟ್ಟರು. ತನ್ನ ಸಾಮಾನನ್ನು ಜೋಪಾನ ಮಾಡಲು ಹೇಳುವಷ್ಟು ಆಳಿಗೆ ಮನೆಯೊಡೆಯನ ಮೇಲೆ ನಂಬಿಕೆ ಹುಟ್ಟಿದೆಯೆಂದು ಅವರಿಗೆ ಸಂತೋಷವೂ ಆಯಿತು.

ಮರುದಿನ ಬಿಸಿಲೇರಿದರೂ ಯಾರೂ ಬರಲಿಲ್ಲ. ಬಂದವನು ಭಾವಮೈದುನ ಒಬ್ಬನೇ. ಬೋಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಭಾವನ ಮೇಸ್ತ್ರಿ ಓಡಿಹೋದ ಅಂತ ಕಾಣತ್ತೆ ಅಲ್ವೇನಕ್ಕಾ" ಎಂದ.

"ಓಡಿಹೋಗೋ ಜಾತಿಯವನಲ್ಲ ಅವನು" ಎಂದು ಯಜಮಾನರು ಫೋನು ತಿರುಗಿಸಿದರು. "ಏನಪ್ಪಾ ಮೇಸ್ತ್ರಿ, ಎಲ್ಲಿ ನಿನ್ನ ಆಳುಗಳು?"

ಫೋನಿನೊಳಗಿನ ದನಿ ಬಾಗಿಲವರೆಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಆಳು ಯಾಕೆ? ನೀವೇ ಒಡೆಯೋರು ಅಂದ್ರಲ್ಲ. ಇನ್ನೂ ಒಡೆದಿಲ್ವಾ?"

ಭಾವಮೈದುನ ಜೇಬಿನಿಂದ ಒಂದು ಕೈ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡ. ಯಜಮಾನರಿಗೆ ಹಿಂದಿನ ಸಂಜೆಯ ಮಾತೆಲ್ಲ ಒಂದೊಂದಾಗಿ ಅರ್ಥ ಬದಲಿಸಿಕೊಂಡು ಮರಳಿ ಬಂತು. ತಪ್ಪು ತಿಳಿದೆ ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೆಂಡತಿಯ ತಮ್ಮನ ಮುಂದೆ ತಪ್ಪು ಒಪ್ಪಿಕೊಂಡ ಗಂಡಸನ್ನು ನಾನಂತೂ ಇದುವರೆಗೆ ಕಂಡಿಲ್ಲ.

"ಹೌದು ಮತ್ತೆ, ನಾನೇ ಒಡೀತೀನಿ ಅಂದಿದ್ದೆ" ಎಂದರು ಅವರು, ಅಂಗಿಯ ತೋಳು ಮಡಚುತ್ತ. "ಊಟ ಆದ್ಮೇಲೆ ಶುರು ಮಾಡೋಣ ಅಂತಿದ್ದೆ. ಈಗಲೇ ಆಗಿಹೋಗ್ಲಿ."

"ಭಾವ, ಸೊಂಟ..."

"ನನ್ನ ಸೊಂಟದ ಚಿಂತೆ ನಿನಗೆ ಬೇಡ. ಪಕ್ಕಕ್ಕೆ ನಿಲ್ಲು, ಚೂರು ಸಿಡಿಯತ್ತೆ."

ತಲೆಗೆ ಟವೆಲು ಸುತ್ತಿ, ಸುತ್ತಿಗೆ ಹೆಗಲಮೇಲಿಟ್ಟು ಯಜಮಾನರು ಅಡುಗೆಮನೆ ಪ್ರವೇಶಿಸಿದರು. ಪ್ರವೇಶಿಸಿದರು ಎಂಬ ದೊಡ್ಡ ಮಾತು ಬೇಕೆಂದೇ ಹಾಕಿದ್ದೇನೆ. ಮನೆ ಕಟ್ಟಿ ಬಂದಾಗ ಒಮ್ಮೆ ಹೊಕ್ಕಿದ್ದನ್ನು ಬಿಟ್ಟರೆ ಅವರ ಕಾಲು ಆ ಹೊಸ್ತಿಲು ದಾಟಿರಲಿಲ್ಲ. ಲೋಟ ತಟ್ಟೆಗಳೇ ಅವರಿದ್ದಲ್ಲಿಗೆ ನಡೆದು ಬರುತ್ತಿದ್ದವು. ಹಲಗೆ ಡಬ್ಬಗಳಿಲ್ಲದ ಆ ಬೋಳು ಓಣಿಯಲ್ಲಿ ಎಡವೂ ಒಂದೇ, ಬಲವೂ ಒಂದೇ. ಅಷ್ಟರಲ್ಲಿ ಕಣ್ಣಿಗೆ ಬಿತ್ತು, ಗೋಡೆಯ ಮೇಲೆ ಆಳೆತ್ತರದ ಇಂಟು ಮಾರ್ಕು. ಯಾವ ಗೋಡೆಯನ್ನು ಕೆಡವಬೇಕೆಂದು ಮೇಸ್ತ್ರಿ ಎಷ್ಟು ಚೊಕ್ಕವಾಗಿ ಬರೆದಿಟ್ಟಿದ್ದಾನೆ. ಗೋದಾಮಿನ ನೆನಪು ಉಕ್ಕಿಬಂತು.

"ಅದೇ ಗೋಡೆನಾ?" ಎಂದು ಮನೆಯಾಕೆ ಬಾಗಿಲಿಂದ ಕೇಳಿದಳು.

"ಇಂಟು ಹಾಕಿರೋದು ಕಾಣಿಸಲ್ವಾ ನಿನಗೆ?"

"ಕಾಣಿಸತ್ತೆ. ಚೆನ್ನಾಗೇ ಕಾಣಿಸತ್ತೆ."

"ಅಕ್ಕಾ, ಅದು..." ಎಂದು ಭಾವಮೈದುನ ಬಾಯಿ ತೆರೆದ. ಅಕ್ಕ ಅವನ ಕಾಲನ್ನು ತುಳಿದಳು. ಮೆಲ್ಲಗೇ ತುಳಿದಿರಬೇಕು, ಆದರೂ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಮೊದಲ ಏಟಿಗೆ ಗಾರೆ ಉದುರಿತು. ಯಜಮಾನರು ಉಸಿರು ಬಿಗಿಹಿಡಿದು ಇನ್ನೊಂದು ಬಾರಿಸಿದರು. "ನೋಡೋ, ಕೆಲಸ ಅಂದ್ರೆ ಹೀಗೆ ಮಾಡ್ಬೇಕು. ಜೇಬಲ್ಲಿ ಕೈಯಿಟ್ಕೊಂಡಲ್ಲ." ಏಟಿನ ಮೇಲೆ ಏಟು. ತೆಳುಗೋಡೆ, ಮೇಲೆ ಯಾವ ಭಾರವೂ ಇಲ್ಲದ್ದು, ಹಳೆಯದು ಬೇರೆ; ಇಟ್ಟಿಗೆಗಳು ಕಾದಿದ್ದವರಂತೆ ಕಳಚಿಕೊಂಡವು. ಮನೆಯಾಕೆ ನೀರು ತಂದುಕೊಟ್ಟಳು. ಬೆವರೊರೆಸಲು ಬಟ್ಟೆ ತಂದುಕೊಟ್ಟಳು. ಗಂಡನ ಕೆಲಸದಲ್ಲಿ ಆಕೆ ಇಷ್ಟು ಅಕ್ಕರೆ ತೋರಿಸಿದ್ದು ಯಜಮಾನರಿಗೆ ನೆನಪಿರಲಿಲ್ಲ. ಹುರುಪು ಇಮ್ಮಡಿಸಿತು.

ಗೋಡೆ ಅರ್ಧ ಇಳಿದಾಗ ಧೂಳಿನ ಮೋಡದಾಚೆ ಒಂದು ಕೋಣೆ ಮಸುಕಾಗಿ ಮೂಡಿತು. ಯಜಮಾನರು ಸುತ್ತಿಗೆ ಊರಿ, ಕಣ್ಣು ಕಿರಿದುಮಾಡಿ ಇಣುಕಿದರು. ಉಗ್ರಾಣವಂತೂ ಅಲ್ಲ. ಇಲ್ಲೊಂದು ಮುರುಕು ಕೊಡೆ, ಅಲ್ಲೊಂದು ಬೋಳು ಫ್ಯಾನು, ಕಾಗದದ ರಾಶಿ, ಎತ್ತ ನೋಡಿದರೂ ಗುಜರಿ.

"ಅಯ್ಯೋ, ಪಕ್ಕದ ಮನೆಗೇ ಕನ್ನ ಕೊರೆದುಬಿಟ್ನಲ್ಲೇ" ಎಂದು ಅವರು ದನಿ ತಗ್ಗಿಸಿದರು. "ಆದ್ರೂ ಏನು ಗಲೀಜೇ ಇದು. ಇಂಥ ಕಡೆ ಮನುಷ್ಯರು ಇರ್ತಾರಾ?"

"ಇರ್ತಾರೆ" ಎಂದಳು ಮನೆಯಾಕೆ.

"ಯಾವನೋ ಶುದ್ಧ ಸೋಮಾರಿ ಇರ್ಬೇಕು. ಪಾಪ, ಅವನನ್ನ ಕಟ್ಕೊಂಡವಳ ಗತಿ."

"ಪಾಪವೇ."

"ಕುರ್ಚಿ ನೋಡು, ನಮ್ಮದೇ ಥರದ್ದು ತಂದಿಟ್ಕೊಂಡಿದಾನೆ, ಕಾಪಿ ಹೊಡೆಯೋ ನನ್ಮಗ."

ಧೂಳು ಇನ್ನಷ್ಟು ಇಳಿಯಿತು. ಎದುರುಗೋಡೆಯ ಚೌಕಟ್ಟಿನೊಳಗಿಂದ ಮೀಸೆಯವನೊಬ್ಬ ದುರುಗುಟ್ಟಿಕೊಂಡು ನೋಡುತ್ತಿದ್ದ. ಅವನ ಹಿಂದೆ ಮೂಟೆಗಳ ಸಾಲು, ಅಕ್ಕಪಕ್ಕ ಹಮಾಲರು. ಆ ಮೀಸೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಯಜಮಾನರು ತಮ್ಮ ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಕೈ ಅಲ್ಲೇ ನಿಂತಿತು.

ಆಮೇಲೆ ನಡೆದ ಮಾತುಗಳಲ್ಲಿ ಮುಕ್ಕಾಲು ಪಾಲು ಬರೆಯುವಂಥವಲ್ಲ. ನಿನಗೆ ಗೊತ್ತಿತ್ತು ಎಂದು ಅವರು, ಕೇಳಿದೆನಲ್ಲ ಎಂದು ಆಕೆ. ಭಾವಮೈದುನ ಹೊರಗೆ ಹೋಗಿ ಕಾಂಪೌಂಡಿಗೆ ಮುಖಮಾಡಿ ನಿಂತಿದ್ದ. ಅವನ ಭುಜಗಳು ಮಾತ್ರ ಕುಣಿಯುತ್ತಿದ್ದವು. ಅಷ್ಟು ಹೊತ್ತಿಗೆ ಆಗಲ್ಲ ಮೇಸ್ತ್ರಿ ಬಂದ. ಬಂದವನು ಗೋಡೆ ನೋಡಿದ, ಅಲ್ಲಲ್ಲ, ಗೋಡೆ ಇರಬೇಕಾದ ಜಾಗ ನೋಡಿದ.

"ಮುಟ್ಟಬಾರದು ಅಂತ ಇಂಟು ಹಾಕಿದ್ನಲ್ಲ ಯಜಮಾನ್ರೇ. ನೀವೇ ಹೇಳಿ ಹಾಕಿಸಿದ್ದು."

"ಇಂಟು ಅಂದ್ರೆ ತೆಗೆದುಹಾಕು ಅಂತ ಅರ್ಥ. ಲೋಕಕ್ಕೆಲ್ಲಾ ಗೊತ್ತು."

"ನಮ್ಮ ಕಡೆ ಇಂಟು ಅಂದ್ರೆ ಕೂಡದು ಅಂತ."

"ಆಗಿದ್ದು ಆಯ್ತು. ಈಗ ಗೋಡೆ ಮತ್ತೆ ಎಬ್ಬಿಸು."

ಮೇಸ್ತ್ರಿ ಇಟ್ಟಿಗೆಯ ರಾಶಿಯನ್ನು ಕಾಲಿನಿಂದ ಕೆದಕಿದ. ಮುಂದೆ ಬರುವ ಮಾತು ಯಾವುದೆಂದು ಯಜಮಾನರಿಗೆ ಗೊತ್ತಿತ್ತು. ಆ ಮಾತನ್ನು ಮೆಚ್ಚಿಕೊಂಡೇ ತಾನೇ ಅವನನ್ನು ಒಳಗೆ ಬಿಟ್ಟಿದ್ದು?

"ಆಗಲ್ಲ" ಎಂದ ಮೇಸ್ತ್ರಿ. "ಒಂದು ಇಟ್ಟಿಗೇನೂ ಇಡಿಯಾಗಿಲ್ಲ. ನೆಲ ಬೇರೆ ಸೀಳು ಬಿಟ್ಟಿದೆ. ಇಲ್ಲಿ ಇನ್ನು ಗೋಡೆ ನಿಲ್ಲಲ್ಲ. ಏನು ಒಡೆತ ಒಡೆದಿದೀರಾ ಯಜಮಾನ್ರೇ, ನಮ್ಮ ಆಳುಗಳ ಕೈಲೂ ಹಿಂಗೆ ಆಗಲ್ಲ."

ಸೋತ ಮನುಷ್ಯನಿಗೆ ಆಗಾಗ ಒಂದು ಹೊಳಹು ಬರುವುದುಂಟು. ಬಹಳ ಹೊತ್ತು ಆರಾಮಕುರ್ಚಿಯಲ್ಲಿ, ಎಲ್ಲರ ಕಣ್ಣೆದುರೇ, ತಲೆ ಹಿಡಿದು ಕೂತಿದ್ದ ಯಜಮಾನರು ಎದ್ದು, ಸೀಮೆಸುಣ್ಣ ತೆಗೆದು, ಗೋಡೆ ಇದ್ದ ಜಾಗದಲ್ಲಿ ನೆಲದ ಮೇಲೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಗೆರೆ ಎಳೆದರು.

"ಗೋಡೆ ಹೋದ್ರೆ ಹೋಗ್ಲಿ. ಗಡಿ ಹೋಗಿಲ್ಲ" ಎಂದು ಅವರು ಸೊಂಟ ಹಿಡಿದುಕೊಂಡೇ ಘೋಷಿಸಿದರು. "ಗೆರೆಯಿಂದ ಆ ಕಡೆ ನಿನ್ನ ಅಡುಗೆಮ‍ನೆ. ಈ ಕಡೆ ನನ್ನ ಆಫೀಸು. ಈ ಕಡೆ ಇರೋದೆಲ್ಲ ನನ್ನ ಸುಪರ್ದಿ, ನನ್ನ ಜವಾಬ್ದಾರಿ. ಆ ಕಡೆಯದಕ್ಕೆ ನಾನು ತಲೆ ಹಾಕಲ್ಲ, ಈ ಕಡೆಯದಕ್ಕೆ ನೀನು ಕೈ ಹಾಕಬಾರದು. ಏನಂತೀಯಾ?"

"ಆಯ್ತು" ಎಂದಳು ಮನೆಯಾಕೆ.

ಇಷ್ಟು ಬೇಗ ಬಂದ 'ಆಯ್ತು' ಕಂಡರೆ ಮೈಯೆಲ್ಲ ಕಣ್ಣಾಗಬೇಕಿದ್ದ ಮನುಷ್ಯ ಅವರು. ಆದರೆ ಸೊಂಟದ ನೋವು ಬುದ್ಧಿಗೆ ಮಂಕು ಕವಿಸುತ್ತದೆ. ಕೆಲಸ ಮುಗಿಯುವವರೆಗೆ ಆ ಕಡೆ ಮುಖವನ್ನೇ ಹಾಕುವುದಿಲ್ಲವೆಂದು ಶಪಥಮಾಡಿ, ಎತ್ತಲಾಗದ ಆರಾಮಕುರ್ಚಿಯನ್ನು ಅಲ್ಲೇ ಬಿಟ್ಟು, ಕೊಡೆ ರೇಡಿಯೋಗಳ ಸಮೇತ ಹೊರಜಗಲಿಗೆ ಬಿಡಾರ ಸಾಗಿಸಿ, ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಮಲಗಿದರು.

ಒಳಗೆ ಮನೆಯಾಕೆ ಮೇಸ್ತ್ರಿಯನ್ನು ಕರೆದು ಕೇಳಿದಳು. "ಒಲೆಕಟ್ಟೆ ಕಿಟಕಿ ಕೆಳಗೆ ಬರಬೇಕು, ಹೊಗೆ ಹೊರಗೆ ಹೋಗೋ ಹಾಗೆ. ಪಾತ್ರೆ ತೊಳೆಯೋ ತೊಟ್ಟಿ ಅದರ ಪಕ್ಕ. ಆಗತ್ತಾ?"

ಮೇಸ್ತ್ರಿ ಕಿಟಕಿ ನೋಡಿದ, ಕಿಟಕಿಯಾಚೆ ಹಾದುಹೋಗಿದ್ದ ಮೋರಿ ನೋಡಿದ. ಅವನ ಮುಖದ ಗಂಟುಗಳು ಸಡಿಲವಾದವು.

"ಆಗತ್ತಮ್ಮಾ. ಇದು ಚೆನ್ನಾಗಿ ಆಗತ್ತೆ."

ಆಯಿತು. ಆಗುವುದು ಅಂದದ್ದನ್ನೂ ಅವನು ತಪ್ಪಿಸಲಿಲ್ಲ. ಕಟ್ಟೆ ಕನ್ನಡಿಯಂತೆ, ನಲ್ಲಿ ಹನಿ ಸೋರದಂತೆ, ನೆಲ ಮಟ್ಟಸವಾಗಿ. ಗೆರೆ ಇದ್ದಲ್ಲಿ ಮನೆಯಾಕೆ ಬೇಕೆಂದೇ ಕಪ್ಪು ಕಲ್ಲಿನ ಪಟ್ಟಿಯೊಂದನ್ನು ಕೂರಿಸಲು ಹೇಳಿದಳು, ಯಜಮಾನರ ಮಾತಿಗೆ ಬೆಲೆ ಇರಬೇಕಲ್ಲ.

ಎಲ್ಲ ಮುಗಿದ ಬೆಳಿಗ್ಗೆ ಯಜಮಾನರು ಮೀಸೆ ತೀಡಿಕೊಂಡು ಒಳಗೆ ಬಂದರು. ಮೊದಲು ಕಂಡದ್ದು ಕಪ್ಪು ಪಟ್ಟಿ. ತಮ್ಮ ಗಡಿ ಕಲ್ಲಿನಲ್ಲೇ ಕೆತ್ತಿದಂತೆ ನಿಂತಿದೆ ಎಂದು ಎದೆ ತುಂಬಿಬಂತು. ಪಟ್ಟಿಯ ಆ ಕಡೆ, ಹಳೆಯ ಓಣಿಯಲ್ಲಿ, ಒಲೆಯಿಲ್ಲ, ತೊಟ್ಟಿಯಿಲ್ಲ, ಕಟ್ಟೆಯಿಲ್ಲ. ಇದ್ದದ್ದು ಅವರ ಆರಾಮಕುರ್ಚಿ. ಅದರಲ್ಲಿ ಕಾಲು ಚಾಚಿ, ಹಳೆಯ ಪತ್ರಿಕೆಯೊಂದನ್ನು ಮುಖಕ್ಕೆ ಹಿಡಿದು ಮನೆಯಾಕೆ ಕೂತಿದ್ದಳು.

"ಇದೇನೇ ಇದು? ನನ್ನ ಕುರ್ಚಿ?"

"ಕೆಲಸದವರು ಗೆರೆಯ ಈ ಕಡೆ ತಂದಿಟ್ರು. ಈ ಕಡೆ ಇರೋದೆಲ್ಲ ನಂದು ಅಂತ ನೀವೇ ಹೇಳಿದ್ರಿ."

"ಟೀ ಎಲ್ಲಿ?"

ಆಕೆ ಪತ್ರಿಕೆಯ ಹಾಳೆ ಮಗುಚಿದಳು. ಕಿಟಕಿಯಿಂದ ಹೊನಲಾಗಿ ಬಂದ ಬಿಸಿಲು ಹೊಸ ಕಟ್ಟೆಯ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಅದರ ಮೇಲೆ ಒಲೆ ಉರಿಯುತ್ತಿತ್ತು, ಒಲೆಯ ಮೇಲೆ ಪಾತ್ರೆ, ಪಕ್ಕದ ತೊಟ್ಟಿಯಲ್ಲಿ ರಾತ್ರಿಯ ತಟ್ಟೆಗಳ ಗೋಪುರ. ಸುಯ್ಯೆಂಬ ಸದ್ದು ಶುರುವಾಯಿತು.

"ರೀ" ಎಂದಳು ಮನೆಯಾಕೆ, ಪತ್ರಿಕೆಯಿಂದ ತಲೆ ಎತ್ತದೆ. "ನಿಮ್ಮ ಆಫೀಸಲ್ಲಿ ಹಾಲು ಉಕ್ತಾ ಇದೆ."